ಯಜಮಾನನು ಬರುವ ತನಕ

ವೇದಭಾಗ: ಧರ್ಮೋಪದೇಶಕಾಂಡ 22ನೆಯ ಅಧ್ಯಾಯ, 1ರಿಂದ 4ರ ವರೆಗಿನ ವಚನಗಳು



ಮೋಶೆಯು ಮೋವಾಬ್ಯರ ಬೈಲಿನಲ್ಲಿ ನಿಂತು, ಯೊರ್ದನ್ ಹೊಳೆಯನ್ನು ದಾಟಲಿಕ್ಕಿದ್ದ ಜನರಿಗೆ ದೇವರ ಆಜ್ಞೆಗಳನ್ನು ತಿರಿಗಿ ತಿಳಿಸಿದಾಗ, ಯುದ್ಧ, ಅರಸುತನ, ಯಜ್ಞ ಮುಂತಾದ ದೊಡ್ಡ ಸಂಗತಿಗಳ ನಡುವೆ ಒಂದು ಚಿಕ್ಕ ಸಂಗತಿಯನ್ನು ಸಹ ಮರೆಯಲಿಲ್ಲ. ದಾರಿತಪ್ಪಿದ ಎತ್ತನ್ನಾಗಲಿ ಕುರಿಯನ್ನಾಗಲಿ ನೀವು ಕಂಡರೆ ಏನು ಮಾಡಬೇಕೆಂಬದೇ ಆ ಸಂಗತಿ. ಅದರ ಒಡೆಯನು ಹತ್ತಿರದವನಾದರೆ ಅವನಿಗೆ ಒಪ್ಪಿಸಬೇಕು. ಅವನು ದೂರದವನಾದರೆ, ಇಲ್ಲವೆ ಅವನಾರೆಂದು ನಿಮಗೆ ತಿಳಿಯದಿದ್ದರೆ, ಪ್ರಾಣಿಯನ್ನು ನಿಮ್ಮ ಮನೆಗೆ ತಂದು, ಅವನು ಹುಡುಕಿಕೊಂಡು ಬರುವ ತನಕ ಇಟ್ಟುಕೊಳ್ಳಬೇಕು. ದಾರಿಯಲ್ಲಿ ಬಿದ್ದ ಪಶುವನ್ನು ಎತ್ತುವದಕ್ಕೆ ಕೈಕೊಡಬೇಕು. ಈ ನಾಲ್ಕು ವಚನಗಳಲ್ಲಿ ಒಂದು ಎಚ್ಚರಿಕೆಯು ಮತ್ತೆ ಮತ್ತೆ ಬರುತ್ತದೆ: ಕಂಡೂ ಕಾಣದವನ ಹಾಗೆ ಮರೆಯಾಗಬಾರದು. ಮನುಷ್ಯನ ಹೃದಯವನ್ನು ಬಲ್ಲ ದೇವರು, ನಾವು ಮೊದಲು ಮಾಡುವ ಪಾಪವು ಇದೇ ಎಂದು ಬಲ್ಲನು.

ಈ ಆಜ್ಞೆಯಲ್ಲಿ ನಾಯಿಯ ಹೆಸರಿಲ್ಲವಲ್ಲಾ ಎಂದು ಯಾರಾದರೂ ಕೇಳಬಹುದು. ನಿಜವೇ. ವೇದದಲ್ಲಿ ನಾಯಿಗೆ ಮಾನವಿಲ್ಲ. ಮೆಫೀಬೋಶೆತನು ದಾವೀದನ ಮುಂದೆ ತನ್ನನ್ನು ಹೀನೈಸಿಕೊಳ್ಳುವಾಗ ಸತ್ತ ನಾಯಿಗೆ ಹೋಲಿಸಿಕೊಂಡನು. ಆದರೂ ಐಗುಪ್ತವನ್ನು ಬಿಟ್ಟು ಹೊರಟ ರಾತ್ರಿಯಲ್ಲಿ ಇಸ್ರಾಯೇಲ್ಯರ ಮೇಲೆ ಒಂದು ನಾಯಿಯಾದರೂ ಬೊಗಳದೆಂದು ದೇವರು ಮುಂದಾಗಿ ತಿಳಿಸಿದನು. ಲಾಜರನು ಐಶ್ವರ್ಯವಂತನ ಬಾಗಿಲಲ್ಲಿ ಹುಣ್ಣುಗಳಿಂದ ತುಂಬಿದವನಾಗಿ ಬಿದ್ದಿದ್ದಾಗ, ಮನೆಯೊಳಗಿಂದ ಯಾರೂ ಅವನ ಬಳಿಗೆ ಬಂದ ಮಾತಿಲ್ಲ, ನಾಯಿಗಳು ಬಂದವು. ಇದಲ್ಲದೆ ಮೋಶೆಯು ಎತ್ತು, ಕುರಿ, ಕತ್ತೆಗಳನ್ನು ಹೇಳಿ ಸುಮ್ಮನಾಗದೆ, ಕಳೆದುಹೋದ ಬಟ್ಟೆಯನ್ನೂ ಬೇರೆ ಯಾವ ವಸ್ತುವನ್ನೂ ಅದೇ ಆಜ್ಞೆಯೊಳಗೆ ಸೇರಿಸಿದನು. ಕಳೆದುಹೋದ ಅಂಗಿಯ ವಿಷಯದಲ್ಲಿ ಲೆಕ್ಕ ಕೇಳುವ ದೇವರು ಉಸಿರಿರುವ ನಾಯಿಯ ವಿಷಯದಲ್ಲಿ ಕೇಳದೆ ಬಿಡುವನೋ?

ಈಗ ನನ್ನ ಸ್ವಂತ ತಪ್ಪನ್ನು ನಿಮ್ಮ ಮುಂದೆ ಅರಿಕೆ ಮಾಡುತ್ತೇನೆ.

ಕೆಲವು ವರುಷಗಳ ಹಿಂದೆ, ದೀಪಾವಳಿಯ ಮಾರನೆಯ ದಿನ ಆದಿತ್ಯವಾರವಾಗಿತ್ತು. ಬೆಂಗಳೂರಿನ ಪಶ್ಚಿಮಕ್ಕಿರುವ ಕೆಂಗೇರಿಯಲ್ಲಿ ನಾನು ಬೆಳಗಿನ ಆರಾಧನೆಯನ್ನು ನಡಿಸಬೇಕಾಗಿತ್ತು. ಮೈಸೂರು ರಸ್ತೆಯಲ್ಲಿ ಬಸ್ಸಿನಿಂದ ಇಳಿದಾಗ, ರಸ್ತೆಯ ಅಂಚಿನಲ್ಲಿ ಒಂದು ಕಂದು ಬಣ್ಣದ ನಾಯಿಯು ಬಿದ್ದಿತ್ತು. ಅದರ ಕೊರಳಲ್ಲಿ ಕೆಂಪು ಪಟ್ಟಿ ಇತ್ತು. ರಾತ್ರಿಯ ಪಟಾಕಿಗಳ ಸದ್ದಿಗೆ ಬೆದರಿ ಯಾರದೋ ಮನೆಯಿಂದ ಓಡಿಬಂದಿತ್ತೆಂದು ತೋರುತ್ತದೆ. ಯಾವದೋ ವಾಹನವು ಅದರ ಹಿಂಗಾಲಿನ ಮೇಲೆ ಹಾದುಹೋಗಿತ್ತು. ಅದು ಕೂಗಲಿಲ್ಲ, ತಲೆಯೆತ್ತಿ, ಹೋಗುವವರ ಬರುವವರ ಮುಖವನ್ನು ನೋಡುತ್ತಿತ್ತು. ನನ್ನ ಮುಖವನ್ನೂ ನೋಡಿತು. ಪ್ರಸಂಗದ ಕಾಗದಗಳು ನನ್ನ ಚೀಲದಲ್ಲಿದ್ದವು. ಹೊತ್ತಾಯಿತೆಂಬ ನೆವವೂ ಸಿದ್ಧವಾಗಿತ್ತು. ನಾನು ಕೈಗಡಿಯಾರವನ್ನು ನೋಡಿಕೊಳ್ಳುವವನ ಹಾಗೆ ತಲೆತಗ್ಗಿಸಿ ರಸ್ತೆಯ ಆಚೆಯ ಬದಿಗೆ ದಾಟಿ ಹೋದೆನು.

ನಮ್ಮ ಸಭೆಯಲ್ಲಿ ಒಬ್ಬ ವೃದ್ಧನಿದ್ದನು. ಕುಂಬಳಗೋಡಿನ ಕಡೆಯ ಒಂದು ಕಾರ್ಖಾನೆಯಲ್ಲಿ ರಾತ್ರಿಯ ಕಾವಲಿನ ಕೆಲಸ ಅವನದು. ಮಳೆಯಿರಲಿ ಚಳಿಯಿರಲಿ ಆರಾಧನೆಗೆ ತಪ್ಪಿದವನಲ್ಲ. ಆ ದಿನ ಅವನ ಸ್ಥಳವು ಬರಿದಾಗಿತ್ತು. ಮುಂದಿನ ವಾರ ಬಂದಾಗ, "ತಾತಾ, ಹೋದ ಆದಿತ್ಯವಾರ ನೀವು ಕಾಣಲಿಲ್ಲವಲ್ಲಾ?" ಎಂದು ಕೇಳಿದೆನು.

ಅವನು, "ಅಯ್ಯನವರೇ, ರಸ್ತೆಯ ಬದಿಯಲ್ಲಿ ಒಂದು ನಾಯಿ ಬಿದ್ದಿತ್ತು. ಗೋಣಿಯ ಮೇಲೆ ಮಲಗಿಸಿ ಆಟೋದಲ್ಲಿ ಪಶುವೈದ್ಯರ ಹತ್ತಿರ ತೆಗೆದುಕೊಂಡು ಹೋದೆನು. ಅಷ್ಟರಲ್ಲಿ ಆರಾಧನೆ ಮುಗಿದುಹೋಯಿತು. ನೀವು ಆ ಕಡೆಯಿಂದ ಹೋದದ್ದನ್ನು ಕಂಡೆನು. ನೀವು ಅದನ್ನು ನೋಡಿರಲಿಕ್ಕಿಲ್ಲ" ಅಂದನು.

ಪ್ರಿಯರೇ, ಅವನು ನನ್ನನ್ನು ಗದರಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ನನ್ನ ಮೇಲೆ ಒಳ್ಳೇ ನಂಬಿಕೆಯಿಟ್ಟನು. ಆ ನಂಬಿಕೆಯೇ ನನ್ನನ್ನು ಇರಿಯಿತು. "ನೋಡಿದ್ದೆನು ತಾತಾ" ಎಂದು ಹೇಳಿದೆನು. ಅವನು ಬೇರೆ ಮಾತಾಡದೆ ನನ್ನ ಕೈಹಿಡಿದುಕೊಂಡನು. ಅಂದಿನಿಂದ ಮೋಶೆಯ ಈ ನಾಲ್ಕು ವಚನಗಳು ನನ್ನನ್ನು ಬಿಟ್ಟಿಲ್ಲ. ಅವುಗಳಲ್ಲಿ ಮೂರು ಪಾಠಗಳನ್ನು ಕಲಿತೆನು.

ಮೊದಲನೆಯದು, ಕಂಡು ಮರೆಯಾಗಬಾರದು.

ಬೆಂಗಳೂರು ಮಹಾನಗರ ಪಾಲಿಕೆಯು 2023ರಲ್ಲಿ ನಡಿಸಿದ ಎಣಿಕೆಯಲ್ಲಿ ನಗರದ ಬೀದಿಗಳಲ್ಲಿ ಸುಮಾರು 2 ಲಕ್ಷ 79 ಸಾವಿರ ನಾಯಿಗಳಿವೆಯೆಂದು ಕಂಡಿತು. 2019ರಲ್ಲಿ ಅವು ಸುಮಾರು 3 ಲಕ್ಷ 10 ಸಾವಿರವಾಗಿದ್ದವು. ಇಷ್ಟು ದೊಡ್ಡ ಲೆಕ್ಕವನ್ನು ಕೇಳಿದಾಗ, "ನಾನೊಬ್ಬನು ಏನು ಮಾಡಬಲ್ಲೆನು?" ಎಂದು ಮನಸ್ಸು ಹಿಂಜರಿಯುತ್ತದೆ. ಬೀದಿಗಳಲ್ಲಿ ನಾಯಿಗಳಿರಬೇಕೋ, ಎಷ್ಟಿರಬೇಕೋ ಎಂಬದನ್ನು ಸರಕಾರವೂ ನ್ಯಾಯಸ್ಥಾನಗಳೂ ವಿಚಾರಿಸುತ್ತವೆ. ದೇವರ ಆಜ್ಞೆಯು ನಮಗೆ ಲಕ್ಷಗಳನ್ನು ತೋರಿಸುವದಿಲ್ಲ. ನಮ್ಮ ದಾರಿಯಲ್ಲಿ ಬಿದ್ದಿರುವ ಒಂದನ್ನು ತೋರಿಸುತ್ತದೆ. ಯೆರಿಕೋವಿನ ದಾರಿಯಲ್ಲಿ ಹೋದ ಸಮಾರ್ಯದವನು ಆ ದೇಶದ ಕಳ್ಳರನ್ನೆಲ್ಲಾ ಹಿಡಿಯಲಿಲ್ಲ; ಬಿದ್ದಿದ್ದ ಒಬ್ಬನ ಬಳಿಗೆ ಹೋದನು.

ಆರಾಧನೆಗೆ ಹೊತ್ತಾಗುವದೆಂಬ ನೆವವನ್ನು ನಮ್ಮ ಕರ್ತನು ತಾನೇ ತೆಗೆದುಹಾಕಿದ್ದಾನೆ. ಸಬ್ಬತ್ ದಿನದಲ್ಲಿ ಕುಣಿಗೆ ಬಿದ್ದ ಕುರಿಯನ್ನು ಯಾವನು ಮೇಲಕ್ಕೆ ಎತ್ತದೆ ಇರುವನೆಂದು ಆತನು ಫರಿಸಾಯರನ್ನು ಕೇಳಿದನು. ಆ ದಿನ ನಾನು ಪೀಠದ ಮೇಲೆ ನಿಂತು ಮಾತಾಡಿದೆನು. ಆ ವೃದ್ಧನು ಪಶುವೈದ್ಯರ ಬಾಗಿಲಲ್ಲಿ ಕೂತು ಆರಾಧಿಸಿದನು.

ಎರಡನೆಯದು, ಮನೆಗೆ ತರಬೇಕು.

ಅಯ್ಯೋ ಪಾಪ ಎಂದು ಹೇಳಿ ಹೋಗುವದು ಕರುಣೆಯಲ್ಲ. ಸುರಕ್ಷಿತವಾದ ಸ್ಥಳಕ್ಕೆ ಮುಟ್ಟಿಸುವದೇ ಕರುಣೆ. ಆದರೆ ಇದನ್ನು ಬುದ್ಧಿಯಿಂದ ಮಾಡಬೇಕು. ಸರ್ಪಗಳಂತೆ ಜಾಣರಾಗಿರಬೇಕೆಂದೂ ಕರ್ತನು ಶಿಷ್ಯರಿಗೆ ಕಲಿಸಿದನಲ್ಲವೇ?

ನೋವಿನಲ್ಲಿರುವ ನಾಯಿಯು ತನ್ನನ್ನು ಸಾಕಿದವರನ್ನೂ ಕಚ್ಚುವದುಂಟು. ಆದಕಾರಣ ಒಮ್ಮೆಗೇ ಮೇಲೆ ಬೀಳದೆ, ಮೆಲ್ಲಗೆ ಮಾತಾಡುತ್ತಾ ಪಕ್ಕದಿಂದ ಹತ್ತಿರ ಹೋಗಬೇಕು. ದಪ್ಪ ಕಂಬಳಿಯನ್ನೋ ಗೋಣಿಯನ್ನೋ ಅದರ ಮೇಲೆ ಹೊದಿಸಬೇಕು. ಉಸಿರಾಟ ಸರಿಯಾಗಿದ್ದು ವಾಂತಿಯಿಲ್ಲದಿದ್ದರೆ, ಮೆತ್ತಗಿನ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಸಡಿಲವಾಗಿ ಕಟ್ಟಬಹುದು. ಸೊಂಟವೋ ಕಾಲೋ ಮುರಿದಿದ್ದರೆ ಎತ್ತಿಕೊಳ್ಳದೆ, ಹಲಗೆಯ ಮೇಲೆ ಇಲ್ಲವೆ ಬಿಗಿಯಾಗಿ ಹಿಡಿದ ಗೋಣಿಯ ಮೇಲೆ ಸರಿಸಿ ಸಾಗಿಸಬೇಕು. ರಕ್ತ ಸುರಿಯುವ ಕಡೆ ಶುದ್ಧವಾದ ಬಟ್ಟೆಯನ್ನು ಒತ್ತಿ ಹಿಡಿಯಬೇಕು. ಬಳಿಕ ಹತ್ತಿರದ ಪಶುವೈದ್ಯಶಾಲೆಗೆ ತೆಗೆದುಕೊಂಡು ಹೋಗಬೇಕು. ಹಳ್ಳಿಗಳಲ್ಲಿರುವವರು ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ವಿಷಯವಾಗಿ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ವಿಚಾರಿಸಬಹುದು. ಗಾಯವಿಲ್ಲದೆ ದಾರಿತಪ್ಪಿ ಬೆದರಿದ ನಾಯಿಯನ್ನು ಅಟ್ಟಿಸಿಕೊಂಡು ಹೋಗಬಾರದು. ಅದು ಇನ್ನೂ ದೂರ ಓಡಿ ವಾಹನಗಳಿಗೆ ಸಿಕ್ಕುವದು. ಸ್ವಲ್ಪ ದೂರದಲ್ಲಿ ಕೂತು ನೀರನ್ನೂ ತಿನಿಸನ್ನೂ ಇಟ್ಟು ಕಾದರೆ ತಾನೇ ಬರುವದು.

ಆದರೆ ಕಾರಣವಿಲ್ಲದೆ ಎದುರು ಬಂದದ್ದನ್ನೆಲ್ಲಾ ಕಚ್ಚುವ, ತೂರಾಡುವ, ದವಡೆ ಜೋತುಬಿದ್ದು ಜೊಲ್ಲು ಸುರಿಸುವ ನಾಯಿಯ ಹತ್ತಿರ ಹೋಗಬೇಡಿರಿ. ಮಕ್ಕಳನ್ನು ದೂರವಿಟ್ಟು ಪಂಚಾಯಿತಿಯವರಿಗಾಗಲಿ ಪಾಲಿಕೆಯವರಿಗಾಗಲಿ ತಿಳಿಸಿರಿ. ಯಾವ ನಾಯಿಯೇ ಕಚ್ಚಲಿ ಪರಚಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಮೆಣಸಿನ ಪುಡಿ, ಸುಣ್ಣ, ಕಾಫಿಪುಡಿ ಇವುಗಳನ್ನು ಹಚ್ಚಬೇಡಿರಿ. ಮಂತ್ರ ಹಾಕಿಸಬೇಡಿರಿ. ವೈದ್ಯರು ಗೊತ್ತುಮಾಡಿದ ದಿನಗಳ ಚುಚ್ಚುಮದ್ದುಗಳಲ್ಲಿ ಒಂದನ್ನೂ ಬಿಡಬೇಡಿರಿ. ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು; ಅದಕ್ಕೆ ಮುಂಚೆ ಔಷಧ ತೆಗೆದುಕೊಂಡರೆ ಪ್ರಾಣವು ಉಳಿಯುತ್ತದೆ. 1885ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರನು ಒಬ್ಬ ಹುಡುಗನನ್ನು ಹೀಗೆ ಉಳಿಸಿದನು. ನಮ್ಮ ದಕ್ಷಿಣ ದೇಶದವರಿಗಾಗಿ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರನ ಹೆಸರಿನ ಸಂಸ್ಥೆಯು ಸ್ಥಾಪಿತವಾಯಿತು. ಇಂಥ ಜ್ಞಾನವೂ ದೇವರ ದಾನವೇ. ಅದನ್ನು ತಳ್ಳಿಬಿಡುವದು ಭಕ್ತಿಯಲ್ಲ.

ಗಾಯಗೊಂಡ ಜೀವಿಗಳಿಗೆ ಬಾಗಿಲು ತೆರೆದವರು ಈ ಊರಿನಲ್ಲಿ ಇದ್ದಾರೆ. ಕೆಂಗೇರಿಯಲ್ಲಿ ಪೀಪಲ್ ಫಾರ್ ಆನಿಮಲ್ಸ್ ಎಂಬ ಸಂಸ್ಥೆಯವರ ಆಸ್ಪತ್ರೆಯಿದ್ದು, ಹದ್ದು, ಹಾವು, ಕೋತಿ ಮುಂತಾದ ಕಾಡುಜೀವಿಗಳಿಗೆ ಚಿಕಿತ್ಸೆಯಾಗುತ್ತದೆ. ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಸ್ತ್ರೀಯು ಮೊದಲು ದಿಲ್ಲಿಯಲ್ಲಿಯೂ ಆಮೇಲೆ ಜಯಪುರದಲ್ಲಿಯೂ ದಿಕ್ಕಿಲ್ಲದ ಪ್ರಾಣಿಗಳಿಗೆ ಆಶ್ರಯಗಳನ್ನು ಕಟ್ಟಿ, ಎಂಬತ್ತು ವರುಷ ದಾಟಿದ ಪ್ರಾಯದಲ್ಲಿ ಬೆಂಗಳೂರಿಗೆ ಬಂದು, 1991ರಲ್ಲಿ ಕೂಪಾ ಎಂದು ಕರೆಯಲ್ಪಡುವ ಸಂಸ್ಥೆಯನ್ನು ಆರಂಭಿಸಿದಳು. 1996ರಲ್ಲಿ ಆಕೆ ತೀರಿಹೋದಳು. ಆರಂಭಿಸಿದ ಕೆಲಸವು ನಿಲ್ಲಲಿಲ್ಲ. ಇನ್ನು ವಯಸ್ಸಾಯಿತೆಂದು ಹೇಳುವ ನಮ್ಮ ಹಿರಿಯರು ಇದನ್ನು ಯೋಚಿಸಲಿ.

ಮೂರನೆಯದು, ಯಜಮಾನನು ಬರುವ ತನಕ ಇಟ್ಟುಕೊಳ್ಳಬೇಕು.

ಆ ವೃದ್ಧನು ನಾಯಿಯ ಯಜಮಾನನನ್ನು ಹುಡುಕಿದನು. ಮೈಸೂರು ರಸ್ತೆಯ ಅಂಗಡಿಗಳಲ್ಲಿ ಕೇಳಿದನು. ವಿಜಯನಗರದ ವರೆಗೂ ಹೋಗಿ ಬಂದನು. ಪಶುವೈದ್ಯರ ಬಾಗಿಲಲ್ಲಿ ಒಂದು ಕಾಗದವನ್ನು ಅಂಟಿಸಿದನು. ಯಾರೂ ಬರಲಿಲ್ಲ. ಕಾಲು ಕೂಡಿಕೊಂಡಿತು, ಕುಂಟು ಉಳಿಯಿತು. ಅವನು ಅದಕ್ಕೆ ಹೆಸರಿಡಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಅದರ ಮನೆಯವರು ಇಟ್ಟ ಹೆಸರೊಂದು ಇರುತ್ತದೆ ಅಯ್ಯನವರೇ. ನಾನು ಇನ್ನೊಂದನ್ನು ಇಟ್ಟರೆ ಅದನ್ನು ನನ್ನದಾಗಿ ಮಾಡಿಕೊಂಡ ಹಾಗಾಗುತ್ತದೆ" ಅಂದನು. ಕೆಂಪು ಪಟ್ಟಿಯನ್ನು ತೊಳೆದು ಗೋಡೆಯ ಮೊಳೆಗೆ ತೂಗುಹಾಕಿದ್ದನು. ನಾಲ್ಕು ವರುಷ ಕಳೆದು ನಾಯಿಯು ಸತ್ತಿತು. ಪಟ್ಟಿಯು ಆ ಮೊಳೆಯಲ್ಲಿಯೇ ಇತ್ತು. "ಒಂದು ವೇಳೆ ಬಂದರೆ ಕೊಡಬೇಕಲ್ಲಾ" ಅಂದನು.

ಇದನ್ನು ಕೇಳಿದ ಮೇಲೆ, ಮನೆಯಲ್ಲಿ ಸಾಕಿದ ನಾಯಿಯನ್ನು ತಾವೇ ತಂದು ದಾರಿಯಲ್ಲಿ ಬಿಟ್ಟುಹೋಗುವವರನ್ನು ಕುರಿತು ಏನು ಹೇಳೋಣ? ಬಾಡಿಗೆ ಮನೆಯನ್ನು ಬದಲಾಯಿಸುವಾಗ, ನಾಯಿಗೆ ಮುಪ್ಪಾದಾಗ, ರೋಗ ಬಂದಾಗ, ಹೆಣ್ಣು ಮರಿಗಳು ಹುಟ್ಟಿದಾಗ, ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವವರು ನಗರದಲ್ಲಿಯೂ ಇದ್ದಾರೆ, ಹಳ್ಳಿಯಲ್ಲಿಯೂ ಇದ್ದಾರೆ. ಅದು ವಾಹನದ ಹಿಂದೆ ಓಡಿ ಓಡಿ ನಿಂತುಬಿಡುತ್ತದೆ. 1960ರಲ್ಲಿ ನಮ್ಮ ದೇಶದ ಪಾರ್ಲಿಮೆಂಟು ಮಾಡಿದ ಪ್ರಾಣಿಹಿಂಸೆಯ ನಿವಾರಣೆಯ ಕಾಯಿದೆಯ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಬಿಡುವದು ಅಪರಾಧವೇ. ಆದರೆ ಮೊದಲನೆಯ ಸಾರಿ ತಪ್ಪುಮಾಡಿದವನಿಗೆ ಆ ಕಾಯಿದೆಯು ಗೊತ್ತುಮಾಡಿದ ದಂಡವು 10 ರೂಪಾಯಿಗಳಿಂದ 50 ರೂಪಾಯಿಗಳು ಮಾತ್ರ. ಲೋಕದ ನ್ಯಾಯಸ್ಥಾನದಲ್ಲಿ 50 ರೂಪಾಯಿ ಕೊಟ್ಟು ಹೊರಗೆ ಬರಬಹುದು. ಗುಬ್ಬಿಗಳನ್ನು ಸಹ ಮರೆಯದ ನ್ಯಾಯಾಧಿಪತಿಯ ಮುಂದೆ ಏನನ್ನು ಕೊಟ್ಟು ಹೊರಗೆ ಬರುವೆವು? ಸಾಕಲಾರದವರು ಮರಿಗಳು ಹುಟ್ಟದ ಹಾಗೆ ಮುಂಚೆಯೇ ಪಶುವೈದ್ಯರಿಂದ ಶಸ್ತ್ರಚಿಕಿತ್ಸೆ ಮಾಡಿಸಲಿ. ಸಾಕುವ ಬೇರೊಬ್ಬರ ಕೈಗೆ ಒಪ್ಪಿಸಲಿ. ದಾರಿಯಲ್ಲಿ ಬಿಡುವದು ಬೇಡ.

ಬೀದಿಯ ನಾಯಿಗೆ ಯಜಮಾನನಿಲ್ಲವೆಂದು ನಾವು ಸುಲಭವಾಗಿ ಹೇಳುತ್ತೇವೆ. ಇದು ಸುಳ್ಳು. ಐವತ್ತನೆಯ ಕೀರ್ತನೆಯಲ್ಲಿ ದೇವರು ಕಾಡಿನ ಸರ್ವಮೃಗಗಳೂ ಗುಡ್ಡಗಳ ಮೇಲಿರುವ ಪಶುಗಳೂ ತನ್ನವೆಂದು ಹೇಳುತ್ತಾನೆ. ನಿನೆವೆ ಪಟ್ಟಣವನ್ನು ಕನಿಕರಿಸಿದಾಗ ಅಲ್ಲಿನ ಪಶುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡನು. ಹಾಗಾದರೆ ಮನುಷ್ಯರು ಬಿಟ್ಟುಹೋದ ನಾಯಿಯು ಯಜಮಾನನಿಲ್ಲದ್ದಲ್ಲ. ದೇವರ ಸೊತ್ತು ನಮ್ಮ ದಾರಿಯಲ್ಲಿ ಬಿದ್ದಿದೆ. ಅದನ್ನು ಕಂಡವನು ಆತನಿಗಾಗಿ ಇಟ್ಟುಕೊಳ್ಳತಕ್ಕದ್ದು. ಆ ಯಜಮಾನನು ತಪ್ಪದೆ ಬಂದು ಕೇಳುವನು.

ಇಲ್ಲಿ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ ಮಾತನ್ನು ಬಲ್ಲೆನು. "ಮನುಷ್ಯರಿಗೇ ಅನ್ನವಿಲ್ಲದಿರುವಾಗ ನಾಯಿಯ ಮಾತೇಕೆ?" ಇನ್ನೂ ಆಳವಾದ ಮಾತೊಂದುಂಟು. ನಮ್ಮಲ್ಲಿ ಅನೇಕರ ಹಿರಿಯರು ಊರ ಹೊರಗಿನ ಕೇರಿಗಳಲ್ಲಿ ಬಾಳಿದರು. ನಾಯಿ ತಿರುಗಾಡುತ್ತಿದ್ದ ಬೀದಿಯಲ್ಲಿ ಅವರು ನಡೆಯಬಾರದಾಗಿತ್ತು. ನಾಯಿ ಕುಡಿಯುತ್ತಿದ್ದ ನೀರನ್ನು ಅವರು ಮುಟ್ಟಬಾರದಾಗಿತ್ತು. 1927ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡಿನ ಚವದಾರ ಕೆರೆಗೆ ಜನರನ್ನು ನಡಿಸಿಕೊಂಡು ಹೋದದ್ದು ಇಂಥ ಅನ್ಯಾಯಕ್ಕಾಗಿಯೇ. "ನಮ್ಮವರನ್ನು ನಾಯಿಗಿಂತ ಕಡೆಯಾಗಿ ನೋಡಿದರು, ಈಗ ನಾಯಿಯನ್ನು ಎತ್ತೆಂದು ನಮಗೆ ಹೇಳುತ್ತೀರೋ?" ಎಂದು ಯಾರಾದರೂ ಕೇಳಿದರೆ, ಆ ನೋವನ್ನು ಹಗುರವಾಗಿ ಎಣಿಸಲಾರೆನು. ಮನುಷ್ಯನಿಗಿಂತ ನಾಯಿಯನ್ನು ಹೆಚ್ಚಿಸುವ ದಯೆಯು ದಯೆಯಲ್ಲ.

ಆದರೆ ನಮ್ಮ ಹಿರಿಯರಿಗೆ ಅನ್ಯಾಯ ಮಾಡಿದವರು ನಾಯಿಗಳಲ್ಲ. ಕಂಡೂ ಕಾಣದವರ ಹಾಗೆ ಮರೆಯಾದ ಮನುಷ್ಯರೇ ಅದನ್ನು ಮಾಡಿದರು. ಅದೇ ಪಾಪವನ್ನು ನಾವೂ ಕಲಿತುಕೊಳ್ಳಬೇಕೋ? ಬಾಗಿಲ ಹೊರಗೆ ನಿಲ್ಲುವದು ಎಂಥದೆಂದು ಬಲ್ಲವರು ಹೊರಗೆ ಬಿದ್ದವರನ್ನು ಬೇಗನೆ ಗುರುತಿಸಬೇಕಲ್ಲವೇ? ಕಾನಾನ್ಯ ಸ್ತ್ರೀಯು ಮಕ್ಕಳ ಮೇಜಿನ ಕೆಳಗಿನ ನಾಯಿಮರಿಗಳ ಮಾತನ್ನು ಹಿಡಿದುಕೊಂಡೇ ಕರ್ತನಿಂದ ಮಗಳ ಸ್ವಸ್ಥತೆಯನ್ನು ಪಡೆದಳು. ಆಕೆ ನಾಯಿಯನ್ನು ಮೇಜಿನಿಂದ ಅಟ್ಟಿಬಿಡಲಿಲ್ಲ. ಎಲ್ಲರಿಗೂ ಸಾಲುವಷ್ಟು ರೊಟ್ಟಿಯು ಆ ಮೇಜಿನಲ್ಲಿದೆಯೆಂದು ನಂಬಿದಳು.

ಕರುಣೆಯು ಭಾಗಮಾಡಿದರೆ ಕಡಿಮೆಯಾಗುವ ಧಾನ್ಯವಲ್ಲ. 1824ರಲ್ಲಿ ಲಂಡನ್ ಪಟ್ಟಣದಲ್ಲಿ ಪ್ರಾಣಿಗಳ ಮೇಲಿನ ಕ್ರೂರತೆಯನ್ನು ತಡೆಯುವದಕ್ಕಾಗಿ ಒಂದು ಸಂಘವು ಕೂಡಿತು. ಅದನ್ನು ಕೂಡಿಸಿದವನು ಆರ್ಥರ್ ಬ್ರೂಮ್ ಎಂಬ ದೇವರ ಸೇವಕನು. ಸಂಘದ ಸಾಲಕ್ಕಾಗಿ ಅವನು ಸೆರೆಮನೆಗೂ ಹೋಗಬೇಕಾಯಿತು. ಅವನ ಸಂಗಡ ಕೂತವರಲ್ಲಿ ವಿಲಿಯಮ್ ವಿಲ್ಬರ್‌ಫೋರ್ಸನೂ ಒಬ್ಬನು. ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಲ್ಲಿಸುವ ತನಕ ವರುಷಗಟ್ಟಲೆ ಹೋರಾಡಿದವನು ಅವನೇ. ಮನುಷ್ಯರ ಸಂಕೋಲೆಯನ್ನು ಬಿಚ್ಚಿದ ಕೈಯೇ ಪಶುಗಳ ಮೇಲೆ ಬೀಳುವ ಪೆಟ್ಟನ್ನೂ ತಡೆಯಿತು. 1860ರಲ್ಲಿ ಅದೇ ಪಟ್ಟಣದಲ್ಲಿ ಮೇರಿ ಟೀಲ್ಬಿ ಎಂಬ ಸ್ತ್ರೀಯು ದಾರಿತಪ್ಪಿದ ಹಸಿದ ನಾಯಿಗಳಿಗಾಗಿ ಒಂದು ಆಶ್ರಯವನ್ನು ತೆರೆದಾಗ, ಬಡಮಕ್ಕಳಿರುವಾಗ ನಾಯಿಗಳಿಗೆ ಮನೆಯೇ ಎಂದು ಜನರು ಗೇಲಿಮಾಡಿದರು. ಐದು ವರುಷಗಳಲ್ಲಿ ಆಕೆ ತೀರಿಹೋದಳು. ಆಕೆಯ ಆಶ್ರಯವಾದರೋ ಬ್ಯಾಟರ್ಸೀ ಎಂಬ ಸ್ಥಳಕ್ಕೆ ಸಾಗಿ ಈಗಲೂ ನಡೆಯುತ್ತಿದೆ.

ನಮ್ಮ ಕನ್ನಡನಾಡಿಗೂ ಇದು ಹೊಸದಲ್ಲ. ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿಯೇ ಮುಂದೆ ಹೋದರೆ ಮದ್ದೂರು ಸಿಕ್ಕುತ್ತದೆ. ಆ ತಾಲೂಕಿನ ಆತಕೂರಿನಲ್ಲಿ ಸಾವಿರ ವರುಷಗಳಿಗೆ ಹಿಂದಿನ ಒಂದು ಕಲ್ಲು ಇತ್ತು. ಈಗ ಅದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ಅರಸನಾದ ಬೂತುಗನು ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೆರನೆಂಬ ಸೇವಕನಿಗೆ ಬೇಕಾದದ್ದನ್ನು ಕೇಳೆಂದನು. ಅವನು ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು. ಆ ನಾಯಿಯು ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗಾಗಿ ಕ್ರಿಸ್ತಶಕ 949–50ರ ಸುಮಾರಿಗೆ ಆ ಕಲ್ಲನ್ನು ನೆಟ್ಟು ಭೂಮಿಯನ್ನು ದಾನಕೊಟ್ಟರು. ನಾವು ಕಲ್ಲಿಗೆ ಪೂಜೆಮಾಡುವವರಲ್ಲ. ಆದರೂ ಕ್ರಿಸ್ತನ ಹೆಸರನ್ನು ಹೊತ್ತ ನಾವು, ನಾಯಿಯ ನಂಬಿಕೆಯನ್ನು ಅರಿತ ಆ ಜನರಿಗಿಂತ ಕಡಿಮೆಯವರಾಗಬಹುದೇ?

ಪ್ರಿಯರೇ, ಈ ಮಾತನ್ನು ಮನೆಗೆ ಕೊಂಡುಹೋಗಿರಿ. ಬಾಗಿಲಲ್ಲಿ ಒಂದು ಬಟ್ಟಲು ನೀರನ್ನಿಡಿರಿ. ಮಕ್ಕಳು ನಾಯಿಗೆ ಕಲ್ಲೆಸೆದರೆ ತಡೆಯಿರಿ. ದೀಪಾವಳಿಯ ರಾತ್ರಿಗಳಲ್ಲಿ ಸಾಕಿದ ನಾಯಿಯನ್ನು ಒಳಗೆ ಸೇರಿಸಿಕೊಳ್ಳಿರಿ. ವರುಷಕ್ಕೊಮ್ಮೆ ಅದಕ್ಕೆ ಹುಚ್ಚಿನ ರೋಗದ ಚುಚ್ಚುಮದ್ದನ್ನು ಹಾಕಿಸಿರಿ. ದಾರಿಯಲ್ಲಿ ಬಿದ್ದಿರುವದನ್ನು ಕಂಡಾಗ ಕೈಗಡಿಯಾರವನ್ನು ನೋಡಿಕೊಳ್ಳಬೇಡಿರಿ.

ನಾವು ತಾನೇ ಯಾರು? ದಾರಿತಪ್ಪಿದವರು, ಮುರಿದು ಬಿದ್ದವರು. ಪರಲೋಕದ ದಾರಿಯಲ್ಲಿ ಆತುರವಾಗಿ ಹೋಗುತ್ತಾ ನಮ್ಮನ್ನು ಕಾಣದವನ ಹಾಗೆ ನಮ್ಮ ಕರ್ತನು ಮರೆಯಾಗಲಿಲ್ಲ. ಬಗ್ಗಿ ಎತ್ತಿದನು, ತನ್ನ ಪ್ರಾಣವನ್ನೇ ಕ್ರಯವಾಗಿ ಕೊಟ್ಟನು, ನಮ್ಮನ್ನು ಹೆಸರು ಹಿಡಿದು ಕರೆದನು. ಆ ವೃದ್ಧನು ಈಗ ಕರ್ತನ ಬಳಿಯಲ್ಲಿದ್ದಾನೆ. ಒಪ್ಪಿಸಲ್ಪಟ್ಟದ್ದನ್ನು ಅವನು ಯಜಮಾನನಿಗಾಗಿ ಕಾಪಾಡಿದನು. ನಮ್ಮ ಲೆಕ್ಕವನ್ನೂ ಆ ಯಜಮಾನನು ಕೇಳುವ ದಿನ ಬರುತ್ತದೆ.

ಪ್ರಾರ್ಥಿಸೋಣ. ಸಕಲ ಜೀವಿಗಳ ಒಡೆಯನಾದ ತಂದೆಯೇ, ನಿನ್ನ ಸೃಷ್ಟಿಯ ನೋವನ್ನು ಕಂಡೂ ನಾವು ಮರೆಯಾದ ದಿನಗಳಿಗಾಗಿ ನಮ್ಮನ್ನು ಕ್ಷಮಿಸು. ನೋಡುವ ಕಣ್ಣನ್ನೂ ಬಗ್ಗುವ ಬೆನ್ನನ್ನೂ ಕಾಪಾಡುವ ಕೈಯನ್ನೂ ನಮಗೆ ದಯಪಾಲಿಸು. ನಮ್ಮನ್ನು ಹುಡುಕಿ ಬಂದ ನಿನ್ನ ಮಗನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.